ಕಡಿಮೆ ಖರ್ಚಿನಲ್ಲಿ ರೈಫಲ್ ಗುರಿ ಅಭ್ಯಾಸ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ತೀರ್ಥಹಳ್ಳಿ):
ರೈಫಲ್ ಶೂಟಿಂಗನ್ನು ಕ್ರೀಡೆಯಾಗಿ ಕಲಿಯಬೇಕೆಂಬ ಆಸೆ ನನಗಿದೆ. ಅಡಿಕೆ ತೋಟದ ರಕ್ಷಣೆಗೆಂದು ತಂದೆಯವರು ಪರವಾನಗಿ ಪಡೆದಿರುವ ಕೋವಿಯಲ್ಲೇ ಅಭ್ಯಾಸ ಮಾಡಬಹುದೇ, ಅಥವಾ ಬೇರೆ ರೈಫಲ್ ಕೊಳ್ಳಲೇಬೇಕೇ?

ಉತ್ತರ (ಸಾಗರ):
ದಯವಿಟ್ಟು ಆ ಕೋವಿಯನ್ನು ಮುಟ್ಟಬೇಡಿ. ಪರವಾನಗಿ ಇರುವುದು ತಂದೆಯವರ ಹೆಸರಿನಲ್ಲಿ, ಅದೂ ಬೆಳೆ ರಕ್ಷಣೆಗಾಗಿ; ಮೇಲಾಗಿ ತೋಟದ ಕೋವಿಗಳ ನಳಿಕೆಯೊಳಗೆ ಸಾಮಾನ್ಯವಾಗಿ ಸುರುಳಿ ಗೀರುಗಳಿರುವುದಿಲ್ಲವಾದ್ದರಿಂದ ನಿಖರ ಗುರಿಗೆ ಅವು ಒದಗುವುದೂ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಕೆಯ, 20 ಜೂಲ್ ಶಕ್ತಿಯನ್ನು ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಅಭಿನವ್ ಬಿಂದ್ರಾ 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯೂ ಇದೇ ಅಳತೆಯ ಗುಂಡಿನದು. ಅಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಕೇವಲ ಅರ್ಧ ಮಿ.ಮೀ.

ಆರಂಭಕ್ಕೆ ಸ್ಪ್ರಿಂಗ್ ರೈಫಲ್ (ಸ್ಪ್ರಿಂಗ್ ತಳ್ಳುವ ಪಿಸ್ಟನ್ ಗಾಳಿಯನ್ನು ಒತ್ತಿ ಗುಂಡು ಹಾರಿಸುವ ಏರ್ ರೈಫಲ್) ಸಾಕೆಂಬುದು ನನ್ನ ದೃಢ ಅಭಿಪ್ರಾಯ. ಅದರ ಪಿಸ್ಟನ್ ಮುಂದಕ್ಕೆ ನುಗ್ಗುವಾಗ, ಗುಂಡು ನಳಿಕೆಯನ್ನು ಬಿಡುವ ಮೊದಲೇ ರೈಫಲ್ ಅಲುಗುತ್ತದೆ; ಆದ್ದರಿಂದ ಬಿಗಿಹಿಡಿಯದೆ, ತೆರೆದ ಅಂಗೈ ಮೇಲೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರಿಸಿ, ಅದು ತನ್ನಷ್ಟಕ್ಕೆ ಅಲುಗಲು ಬಿಡಬೇಕು. ಗುಂಡಿಲ್ಲದೆ ಮಾತ್ರ ಎಂದೂ ಸಿಡಿಸಬೇಡಿ, ಪಿಸ್ಟನ್ ಹಾಳಾಗುತ್ತದೆ.

ಉತ್ತರ (ಶಿವಮೊಗ್ಗ):
ನಮ್ಮ ಮಳೆಗಾಲದ ಮಾತನ್ನೂ ಸೇರಿಸುತ್ತೇನೆ. ರೈಫಲನ್ನು ಚೀಲದೊಳಗೇ ಇಟ್ಟರೆ ತೇವ ಕೂತು ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿದ ಬಟ್ಟೆಯಿಂದ ಹೊರಮೈ ಒರೆಸಿ, ಆದರೆ ಪಿಸ್ಟನ್ ಗಾಳಿಯನ್ನು ಒತ್ತುವ ಒಳಭಾಗಕ್ಕೆ ಎಣ್ಣೆ ಬಿಡಬೇಡಿ, ಅದು ಒತ್ತಡಕ್ಕೆ ಹೊತ್ತಿಕೊಳ್ಳುತ್ತದೆ. ಜಂಬಿಟ್ಟಿಗೆ ಗೋಡೆಗೆ ನೇರವಾಗಿ ಹೊಡೆದರೆ ಗುಂಡು ಪುಟಿದು ಬರಬಹುದಾದ್ದರಿಂದ ಗುರಿಹಾಳೆಯ ಹಿಂದೆ ಮರಳು ತುಂಬಿದ ಪೆಟ್ಟಿಗೆ ಇಡಿ, ಕನ್ನಡಕ ಧರಿಸಿ.