ಊಟ ತಡವಾಯಿತೆಂದು ಛತ್ರ ಬದಲಿಸಿದವರು

"ರಿಪೇರಿಯ ಮಾತೇ ಬೇಡ. ಆ ತಂತ್ರಾಂಶವನ್ನು ಪೂರ್ತಿ ಬಿಸಾಡಿ ಹೊಸ ಫ್ರೇಮ್‌ವರ್ಕಿನಲ್ಲಿ, ಎಂದರೆ ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಹೊಸ ಸಿದ್ಧ ಚೌಕಟ್ಟಿನಲ್ಲಿ, ಬರೆಯಬೇಕು" ಎಂದು ತೀರ್ಪು ಕೊಟ್ಟ ನಾಣಿ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿದ.

ಸೀನ ಹೇಳಿದ್ದು ಇಷ್ಟೇ. ಅವರ ಸಹಕಾರ ಸಂಘದ ಲೆಕ್ಕದ ತಂತ್ರಾಂಶದಲ್ಲಿ 'ಸಾಲ ಬಾಕಿ ಪಟ್ಟಿ' ಎಂಬ ಗುಂಡಿ ಒತ್ತಿದರೆ ಪರದೆ ಬೆಳ್ಳಗಾಗಿ, ಅದರ ನೆತ್ತಿಯ ಮೇಲೆ 'ನಾಟ್ ರೆಸ್ಪಾಂಡಿಂಗ್' ಎಂದು ಬರುತ್ತದೆ. ಎದುರಿಗೆ ರೈತರು ಸಾಲಾಗಿ ನಿಂತಿರುತ್ತಾರೆ. ಒತ್ತಿದವನು ಬೆಪ್ಪಾಗಿ ಕೂತಿರಬೇಕು.

"ಹೊಸದು ಎಂದರೆ ಯಾವುದಪ್ಪ?" ವಿಶಾಲು ಕೇಳಿದಳು.

"ವಿನ್‌ಯುಐ 3. ಇಲ್ಲವೇ ಎಲೆಕ್ಟ್ರಾನ್. ಈ ಕಾಲದಲ್ಲಿ ವಿಂಡೋಸ್ ಫಾರ್ಮ್ಸ್‌ನಲ್ಲಿ ಯಾರಾದರೂ ಬರೆಯುತ್ತಾರೆಯೇ?"

"ಭಟ್ಟರೇ, ಇವನು ಈ ಮಾತನ್ನು ಎಷ್ಟು ಸಲ ಹೇಳಿದ್ದಾನೆ?"

ಭಟ್ಟರು ಕಾಫಿ ಲೋಟ ಕೆಳಗಿಟ್ಟರು. ಇಸವಿಗಳ ವಿಷಯ ಬಂದರೆ ಅವರಿಗೆ ಮೈಯೆಲ್ಲ ಉತ್ಸಾಹ. "1991ರಲ್ಲಿ ವಿಷುಯಲ್ ಬೇಸಿಕ್ ಬಂತು. ಆಗ ಇವನು ಚಡ್ಡಿ ಹಾಕುತ್ತಿದ್ದ, ಹಾಗಾಗಿ ಏನೂ ಹೇಳಲಿಲ್ಲ. 2002ರಲ್ಲಿ ವಿಂಡೋಸ್ ಫಾರ್ಮ್ಸ್ ಬಂತು, ನನ್ನ ವಿಬಿ 6, ಅದೇ ವಿಷುಯಲ್ ಬೇಸಿಕ್ 6, ಸತ್ತಿತು ಎಂದ. 2006ರಲ್ಲಿ ಡಬ್ಲ್ಯುಪಿಎಫ್ ಬಂತು, ಫಾರ್ಮ್ಸ್ ಸತ್ತಿತು ಎಂದ. 2007ರಲ್ಲಿ ಸಿಲ್ವರ್‌ಲೈಟ್ ಬಂತು, ಅದೇ ಭವಿಷ್ಯ ಎಂದ. 2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಗುಂಡಿಯೇ ಕಾಣದೆ ಹೋಯಿತಲ್ಲ, ಆಗ ಇನ್ನು ಡೆಸ್ಕ್‌ಟಾಪೇ ಇರುವುದಿಲ್ಲ ಎಂದ. ಮರುವರ್ಷ ಗುಂಡಿ ವಾಪಸ್ಸು ಬಂತು, ಇವನು ಆ ವಿಷಯ ಎತ್ತಲಿಲ್ಲ. 2015ರಲ್ಲಿ ಯುಡಬ್ಲ್ಯುಪಿ. 2021ರಲ್ಲಿ ಈ ವಿನ್‌ಯುಐ 3."

"ಇಷ್ಟರಲ್ಲಿ ನಿಜವಾಗಿ ಸತ್ತದ್ದು ಯಾವುದು?"

"ಸಿಲ್ವರ್‌ಲೈಟ್. 2021ರ ಅಕ್ಟೋಬರಿನಲ್ಲಿ ಬೆಂಬಲ ನಿಲ್ಲಿಸಿದರು. ವಿಬಿ 6ರಲ್ಲಿ ಬರೆದದ್ದನ್ನು ಓಡಿಸುವ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ" ಎಂದು ಭಟ್ಟರು ಮೀಸೆ ಒರೆಸಿಕೊಂಡರು.

"ನೋಡು ನಾಣಿ, ನೀನು ತಿಥಿ ಮಾಡಿದವರೆಲ್ಲ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ. ಮೆರವಣಿಗೆ ಮಾಡಿದವನೊಬ್ಬ ಮಾತ್ರ ಹೋದ."

"ಅದು ಬೇರೆ ವಿಷಯ. ಈ ಪರದೆ ಬೆಳ್ಳಗಾಗುವುದಕ್ಕೆ ಹಳೆಯ ಫ್ರೇಮ್‌ವರ್ಕೇ ಕಾರಣ."

"ಅಲ್ಲವೇ ಅಲ್ಲ" ಎಂದಳು ವಿಶಾಲು. "ಒಂದು ಮದುವೆ ಅಂದುಕೋ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ ಕೊಟ್ಟು, ಬನ್ನಿ ಬನ್ನಿ ಎನ್ನಲು ಒಬ್ಬ ಹುಡುಗನನ್ನು ನಿಲ್ಲಿಸಿದ್ದಾರೆ. ನೀವು ಯುಐ ಥ್ರೆಡ್, ಎಂದರೆ ಪರದೆಯನ್ನು ನೋಡಿಕೊಳ್ಳುವ ಕೆಲಸದ ಎಳೆ, ಎನ್ನುವುದು ಅವನನ್ನೇ. ಮೌಸ್ ಒತ್ತಿದರೂ, ಕೀಲಿ ಒತ್ತಿದರೂ, ಕಿಟಕಿಯನ್ನು ಮತ್ತೆ ಬಿಡಿಸಬೇಕಾದರೂ ಸಂದೇಶಗಳು ಸಾಲಾಗಿ ಅವನ ಮುಂದೆಯೇ ಬರಬೇಕು. ಅವನು ಒಂದನ್ನು ಎತ್ತಿಕೊಂಡು, ಸಂಬಂಧಪಟ್ಟ ಕಡೆ ದಾಟಿಸಿ, ಮುಂದಿನದಕ್ಕೆ ತಿರುಗಬೇಕು. 1985ರ ಮೊದಲ ವಿಂಡೋಸ್‌ನಿಂದಲೂ ಏರ್ಪಾಡು ಇದೇ. ಸೀನನ ತಂತ್ರಾಂಶ ಬರೆದವನು ಏನು ಮಾಡಿದ ಗೊತ್ತೇ? ಆ ಹುಡುಗನನ್ನೇ ಕರೆದು, ಹೋಗಿ ಮಾರುಕಟ್ಟೆಯಿಂದ ಕುಂಬಳಕಾಯಿ ತೆಗೆದುಕೊಂಡು ಬಾ ಎಂದ. ಬಾಗಿಲಲ್ಲಿ ಯಾರೂ ಇಲ್ಲ. ಬೀಗರು ಬಿಸಿಲಲ್ಲಿ ನಿಂತಿದ್ದಾರೆ. ಇದಕ್ಕೆ ನಿನ್ನ ಪರಿಹಾರ, ಛತ್ರ ಬದಲಿಸೋಣ!"

"ಅದು ಸರಿ, ಆದರೆ ಬೆಳ್ಳಗಾಗುವುದು ಯಾಕೆ?" ಸೀನನಿಗೆ ತನ್ನ ಸಂಕಟವೇ ಮುಖ್ಯ. "ಮಾತು ಕೇಳುವುದಿಲ್ಲ, ಆದರೆ ಹಿಡಿದು ಎಳೆದರೆ ಅತ್ತಿತ್ತ ಬರುತ್ತದೆ."

"ನೀನು ಎಳೆಯುತ್ತಿರುವುದು ನಿನ್ನ ಕಿಟಕಿಯನ್ನಲ್ಲ. ಐದು ಸೆಕೆಂಡು ಸಂದೇಶ ಎತ್ತಿಕೊಳ್ಳಲು ಯಾರೂ ಬಾರದಿದ್ದರೆ ವಿಂಡೋಸ್ ನಿಜವಾದ ಕಿಟಕಿಯನ್ನು ಮರೆಮಾಡಿ, ಅದೇ ಅಳತೆಯ ಇನ್ನೊಂದನ್ನು ಅಲ್ಲಿ ನಿಲ್ಲಿಸುತ್ತದೆ. ಅದನ್ನು ಮಾಡಿದವರೇ ಇಟ್ಟ ಹೆಸರು ಗೋಸ್ಟ್, ಭೂತ. ಛತ್ರದ ಮಾಲೀಕ ಮರ್ಯಾದೆಗೆ ಹೆದರಿ ಬಾಗಿಲಲ್ಲಿ ರಟ್ಟಿನ ಬೊಂಬೆ ನಿಲ್ಲಿಸಿದ್ದಾನೆ. ಅದು ಕೈ ಮುಗಿದುಕೊಂಡೇ ಇರುತ್ತದೆ, ಪನ್ನೀರು ಮಾತ್ರ ಬರುವುದಿಲ್ಲ."

ಭಟ್ಟರು ಗಂಟಲು ಸರಿಮಾಡಿಕೊಂಡರು. "ನಮ್ಮ ಕಾಲದಲ್ಲಿ ಇದಕ್ಕೆ ಒಂದೇ ಸಾಲಿನ ಮದ್ದು ಇತ್ತಮ್ಮಾ. ಡೂಇವೆಂಟ್ಸ್. ಲೂಪಿನ ನಡುವೆ ಅದೊಂದನ್ನು ಹಾಕಿಬಿಟ್ಟರೆ ಕಿಟಕಿ ಸತ್ತಂತೆ ಕಾಣುತ್ತಲೇ ಇರಲಿಲ್ಲ."

"ಗೊತ್ತು ಭಟ್ಟರೇ. ಕುಂಬಳಕಾಯಿ ಹೆಚ್ಚುತ್ತಿದ್ದ ಹುಡುಗ ನಾಲ್ಕು ಹೋಳಿಗೊಮ್ಮೆ ಓಡಿಬಂದು ಪನ್ನೀರು ಚಿಮುಕಿಸಿ ಹೋಗುತ್ತಾನೆ. ನೋಡಲು ಚಂದ. ಆದರೆ ಬಾಗಿಲಿಗೆ ಬಂದ ಬೀಗರು ತಡೆಯಲಾರದೆ, ಏನಪ್ಪಾ, ಕುಂಬಳಕಾಯಿ ಹೆಚ್ಚಬಾರದೇ ಎಂದು ಇನ್ನೊಮ್ಮೆ ಹೇಳುತ್ತಾರೆ. ವಿಧೇಯ ಹುಡುಗ, ಮೊದಲ ಕಾಯಿಯನ್ನು ಅರ್ಧಕ್ಕೇ ಬಿಟ್ಟು ಎರಡನೆಯದನ್ನು ಎತ್ತಿಕೊಳ್ಳುತ್ತಾನೆ. ಅದು ಮುಗಿಯುವ ಮೊದಲೇ ಮೂರನೆಯ ಬೀಗರು ಬರುತ್ತಾರೆ."

ಸೀನ ವಡೆ ಕೆಳಗಿಟ್ಟ. "ಹಳೆಯ ತಂತ್ರಾಂಶದಲ್ಲಿ ಒಂದೇ ಖಾತೆಗೆ ಮೂರು ಸಲ ಬಡ್ಡಿ ಏರಿತ್ತಲ್ಲ ಭಟ್ಟರೇ, ಅದು..."

ಭಟ್ಟರು ಹೋಟೆಲಿನ ಗಡಿಯಾರ ನೋಡಿದರು.

"ಅದು ಆಗಿನ ಕಾಲ. ಒತ್ತಿದ ಕೂಡಲೇ ಗುಂಡಿಯನ್ನು ಬೂದು ಮಾಡಿ ಮುಚ್ಚಿಟ್ಟಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು" ಎಂದು ವಿಶಾಲು ಅವರನ್ನು ಬಿಡಿಸಿದಳು.

"ಅದಕ್ಕೇ ನಾನು ಹೇಳುವುದು, ಹಿನ್ನೆಲೆ ಥ್ರೆಡ್ ಬೇಕು" ಎಂದ ನಾಣಿ.

"ಬೇಕು. ಅಡುಗೆಯವನು ಒಳಗಿರಲಿ. ಆದರೆ ಅವನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ತಾನೇ ಬೀಗರಿಗೆ ಉಪಚಾರ ಮಾಡಬಾರದು. ಕಿಟಕಿಯನ್ನು ಹುಟ್ಟಿಸಿದ ಥ್ರೆಡ್ ಬಿಟ್ಟು ಬೇರೆಯವರು ಅದನ್ನು ಮುಟ್ಟುವಂತಿಲ್ಲ. ಮೊದಮೊದಲು ಮುಟ್ಟುತ್ತಿದ್ದರು. ಒಂದು ದಿನ ಪನ್ನೀರು, ಒಂದು ದಿನ ಸಾರು, ಯಾವ ದಿನ ಏನು ಬೀಳುತ್ತದೆ ಎಂದು ಬರೆದವನಿಗೂ ಗೊತ್ತಾಗುತ್ತಿರಲಿಲ್ಲ. 2005ರಲ್ಲಿ ವಿಂಡೋಸ್ ಫಾರ್ಮ್ಸ್‌ನ ಬುನಾದಿಯಾದ ಡಾಟ್‌ನೆಟ್ 2.0 ಬಂದ ಮೇಲೆ, ತಪ್ಪು ಹುಡುಕುವ ಡೀಬಗರ್ ಹಚ್ಚಿಕೊಂಡು ಓಡಿಸಿದರೆ 'ಕ್ರಾಸ್ ಥ್ರೆಡ್' ಎಂದು ಕೂಗಿ ಅಲ್ಲೇ ಹಿಡಿದು ನಿಲ್ಲಿಸುತ್ತದೆ. ಅಡುಗೆಯವನು ಇನ್‌ವೋಕ್ ಎಂಬ ಚೀಟಿ ಬರೆದು ಬಾಗಿಲಿಗೆ ಕಳಿಸಬೇಕು, ಊಟ ಸಿದ್ಧ ಎಂದು. ಹೇಳುವುದು ಬಾಗಿಲಿನ ಹುಡುಗನೇ."

"ಇದೆಲ್ಲ ಓಬಿರಾಯನ ಕಾಲದ್ದು. 2012ರಿಂದ ಸಿ ಶಾರ್ಪ್ ಭಾಷೆಯಲ್ಲಿ ಅಸಿಂಕ್, ಅವೇಟ್ ಇದೆ, ಬಾಗಿಲಿನ ಹುಡುಗನನ್ನು ಕಟ್ಟಿಹಾಕದೆ ಕಾಯುವ ಉಪಾಯ."

"ಇದೆ. ನೀನು ತಿಥಿ ಮಾಡಿದ ವಿಂಡೋಸ್ ಫಾರ್ಮ್ಸ್‌ನಲ್ಲೂ ಇದೆ. ನಾಲ್ಕು ಸಾಲು ತಿದ್ದಿದರೆ ಸೀನನ ಪಟ್ಟಿ ಬರುತ್ತದೆ, ಕಿಟಕಿಯೂ ಜೀವಂತವಾಗಿರುತ್ತದೆ. ಅದಿರಲಿ, ನೀನು ಹೊಚ್ಚಹೊಸದಾಗಿ ಬರೆದದ್ದು ಗುಂಡಿ ಒತ್ತಿದೊಡನೆ ನಿಂತಿದ್ದು ಸಾಯಂಕಾಲದವರೆಗೂ ಅಲ್ಲಾಡಲಿಲ್ಲವಲ್ಲ, ಅದೇನು ಕಥೆ?"

ನಾಣಿಯ ದನಿ ಇಳಿಯಿತು. "ಅದು... ಅವೇಟ್ ಹಾಕುವ ಕಡೆ ಡಾಟ್ ರಿಸಲ್ಟ್ ಎಂದು ಬರೆದುಬಿಟ್ಟಿದ್ದೆ."

"ಅಂದರೆ ಬಾಗಿಲಿನ ಹುಡುಗ, ಅಡುಗೆಯವನ ಉತ್ತರ ಬರುವ ತನಕ ಕಣ್ಣು ಬಿಡುವುದಿಲ್ಲ ಎಂದು ಕಣ್ಣು ಮುಚ್ಚಿ ನಿಂತ. ಅಡುಗೆ ಮುಗಿಯಿತು. ಅಡುಗೆಯವನು ಬಂದು, ಹುಡುಗ ಕಣ್ಣು ಬಿಡಲಿ, ಉತ್ತರ ಕೊಡೋಣ ಎಂದು ಎದುರಿಗೆ ನಿಂತ. ಇಬ್ಬರೂ ಸಭ್ಯರು, ಇಬ್ಬರೂ ಕಾಯುತ್ತಿದ್ದಾರೆ. ಬೀಗರು ಬೇರೆ ಹೆಣ್ಣು ನೋಡಿಕೊಂಡರು. ಹೊಸ ಛತ್ರದಲ್ಲೂ ಇದೇ ಆಯಿತಲ್ಲ ನಾಣಿ?"

"ಎಷ್ಟು ಹೊತ್ತು ಕಾಯಬೇಕು ಎಂದಾದರೂ ತೋರಿಸಬಹುದಲ್ಲ" ಎಂದು ಸೀನ ನಡುವೆ ಬಾಯಿ ಹಾಕಿದ. "ಒಂದು ಹಸಿರು ಪಟ್ಟಿ ಓಡುತ್ತದೆ, ಆದರೆ ಕೆಲಸ ಮುಗಿಯಿತು ಎಂದು ಬಂದಾಗಲೂ ಅದು ಮುಕ್ಕಾಲು ದಾರಿಯಲ್ಲೇ ಇರುತ್ತದೆ."

ವಿಶಾಲು ನಕ್ಕಳು. "ವಿಂಡೋಸ್ ವಿಸ್ಟಾ ಬಂದಾಗ ಆ ಪಟ್ಟಿಗೆ ವಯ್ಯಾರ ಕಲಿಸಿದರು. ಸಂಖ್ಯೆ ಏರಿದ ಕೂಡಲೇ ಹಾರುವುದಿಲ್ಲ, ಮೆಲ್ಲಮೆಲ್ಲಗೆ ಜಾರಿಕೊಂಡು ಬರುತ್ತದೆ. ಎಲೆ ಎತ್ತಿ, ನೆಲ ಸಾರಿಸಿ, ಎಲ್ಲರೂ ಬಸ್ಸು ಹತ್ತಿದ ಮೇಲೂ 'ಊಟ ಇನ್ನೇನು ಸಿದ್ಧ' ಎನ್ನುತ್ತಿರುತ್ತದೆ. ಆದರೆ ಸಂಖ್ಯೆ ಇಳಿಸಿದರೆ ವಯ್ಯಾರವಿಲ್ಲ, ತಕ್ಷಣ ಹಿಂದಕ್ಕೆ ಬರುತ್ತದೆ. ಅದಕ್ಕೆ ಬರೆಯುವವರು ಉಪಾಯ ಕಂಡುಕೊಂಡರು. ಒಂದು ಹೆಜ್ಜೆ ಹೆಚ್ಚಿಗೆ ಮುಂದಕ್ಕೆ ಹಾಕಿ, ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ ಎಳೆಯುವುದು."

"ಪ್ರಗತಿ ತೋರಿಸಲು ಹಿಂದೆ ಸರಿಯಬೇಕು ಎಂದಾಯಿತು!" ಭಟ್ಟರಿಗೆ ಇದು ಬಹಳ ಹಿಡಿಸಿತು.

"ನನಗೆ ಬರುವ ಫೋನುಗಳನ್ನು ಕೇಳಬೇಕು ಭಟ್ಟರೇ. 'ಮೇಡಂ, ಕಂಪ್ಯೂಟರು ನಿಂತುಹೋಗಿದೆ' ಎನ್ನುತ್ತಾರೆ. ಆಲ್ಟ್ ಮತ್ತು ಟ್ಯಾಬ್ ಒತ್ತಿ ಎನ್ನುತ್ತೇನೆ. ನೋಡಿದರೆ 'ಉಳಿಸಬೇಕೇ, ಬೇಡವೇ' ಎಂದು ಕೇಳುವ ಪುಟ್ಟ ಪೆಟ್ಟಿಗೆ ದೊಡ್ಡ ಕಿಟಕಿಯ ಹಿಂದೆ ಸಿಕ್ಕಿಕೊಂಡಿರುತ್ತದೆ. ಅದು ಯಾವ ಕಿಟಕಿಗೆ ಸೇರಿದ್ದು ಎಂದು ಹೇಳದೆ ಬರೆದವರು ಹಿನ್ನೆಲೆ ಥ್ರೆಡ್‌ನಿಂದ ಅದನ್ನು ತೆರೆದಿರುತ್ತಾರೆ. ಪುರೋಹಿತರು ಕಂಬದ ಹಿಂದೆ ನಿಂತು ಗಟ್ಟಿಮೇಳಕ್ಕೆ ಅಪ್ಪಣೆ ಕೇಳುತ್ತಿದ್ದಾರೆ, ಮಂಟಪದಲ್ಲಿ ಎಲ್ಲರೂ ಪುರೋಹಿತರು ಬರಲಿಲ್ಲ ಎಂದು ದಾರಿ ನೋಡುತ್ತಿದ್ದಾರೆ."

"ನಮ್ಮಲ್ಲಿ ಒಂದು ಕಂಪ್ಯೂಟರಿನಲ್ಲಿ ಕಿಟಕಿಯೇ ಬರುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ ಹೆಸರಿದೆ, ಮೇಲೆ ಏನೂ ಇಲ್ಲ" ಎಂದ ಸೀನ.

"ಮೈನಸ್ ಮೂವತ್ತೆರಡು ಸಾವಿರಕ್ಕೆ ಹೋಗಿದೆ. ಚಿಕ್ಕದು ಮಾಡಿದ ಕಿಟಕಿಯನ್ನು ವಿಂಡೋಸ್ ಪರದೆಯಾಚೆ -32000 ಎಂಬ ಜಾಗಕ್ಕೆ ಅಟ್ಟಿರುತ್ತದೆ. ಬರೆದವನು ಮುಚ್ಚುವಾಗ ಅದನ್ನೇ ವಿಳಾಸವೆಂದು ಬರೆದುಕೊಂಡು, ಮರುದಿನ ನಿಷ್ಠೆಯಿಂದ ಅಲ್ಲೇ ತೆರೆದಿದ್ದಾನೆ. ಆಲ್ಟ್ ಮತ್ತು ಸ್ಪೇಸ್ ಒತ್ತು, ಎಂ ಒತ್ತು, ಒಂದು ಬಾಣದ ಕೀಲಿ ಒತ್ತು, ಆಮೇಲೆ ಮೌಸ್ ಅಲ್ಲಾಡಿಸು. ಕಾಶಿಗೆ ಹೋದ ವರ ವಾಪಸ್ಸು ಬರುತ್ತಾನೆ."

ಸೀನ ಬಿಲ್ಲಿನ ಹಿಂದೆ ಬರೆದುಕೊಂಡ.

ಭಟ್ಟರು ಮಾತ್ರ ಇನ್ನೂ ಆ ಹಳೆಯ ತಂತ್ರಾಂಶದಲ್ಲೇ ಇದ್ದರು. "ಬಡ್ಡಿ ವಿಷಯ ಬಿಡು ಸೀನ. ನಿಮ್ಮ ಸಂಘಕ್ಕೆ ಅದನ್ನು ಕನ್ನಡದಲ್ಲಿ ಕೊಡಬೇಕೆಂದು ನುಡಿ ಫಾಂಟ್ ಹಾಕಿ ಬರೆದೆ. ಪಟ್ಟಿಯ ಸಾಲಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಳೆದದ್ದು. ಒತ್ತಕ್ಷರಗಳೆಲ್ಲ ಕೆಳಗೆ ಕತ್ತರಿಸಿಹೋಗಿ ಪುಟ್ಟಮ್ಮ ಪುಟಮ ಆಗಿ ಕೂತಿದ್ದಳು. ಆಕೆಯೇ ಬಂದು ಪರದೆ ನೋಡಿ, ಇದು ನನ್ನ ಖಾತೆಯಲ್ಲ ಎಂದಳು. ರಾತ್ರಿ ಕೂತು ಒಂದೊಂದು ಸಾಲನ್ನೂ ಎತ್ತರಿಸಿದೆ."

"ಹೊಸದರಲ್ಲಿ ಯೂನಿಕೋಡ್ ಇದೆ" ಎಂದ ನಾಣಿ.

"ಇದೆ. ವಿಂಡೋಸ್ ಎಕ್ಸ್‌ಪಿ ಜೊತೆಗೆ ಕನ್ನಡದ ತುಂಗಾ ಫಾಂಟೂ ಬಂತು. ಆದರೆ ವಿಂಡೋಸ್ ಫಾರ್ಮ್ಸ್ ತಾನಾಗಿ ಕೊಡುವ ಗುಂಡಿ 75 ಪಿಕ್ಸೆಲ್ ಅಗಲ, 23 ಪಿಕ್ಸೆಲ್ ಎತ್ತರ. ಬರೆದವನು ಅದನ್ನು ಹಾಗೆಯೇ ಬಿಟ್ಟರೆ 'ರದ್ದು' ಹೋಗಿ 'ರದು' ಆಗುತ್ತದೆ. ಫ್ರೇಮ್‌ವರ್ಕು ಯಾವುದಾದರೇನು, ಕನ್ನಡ ಅಕ್ಷರಕ್ಕೆ ಕೆಳಗೂ ಜಾಗ ಬೇಕು ಎಂದು ಯಾರಿಗಾದರೂ ಹೊಳೆಯಬೇಕಲ್ಲ."

ಸೀನ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಭಟ್ಟರೇ, ನಿಮ್ಮ ತಂತ್ರಾಂಶ ಇದ್ದಾಗ ನಮ್ಮ ಹಿರಿಯ ಗುಮಾಸ್ತೆ ಪರದೆ ನೋಡುತ್ತಲೇ ಇರಲಿಲ್ಲ. ಟ್ಯಾಬ್, ಟ್ಯಾಬ್, ಎಂಟರ್. ಬೆರಳು ತನ್ನ ಪಾಡಿಗೆ ಓಡುತ್ತಿತ್ತು, ಕಣ್ಣು ಎದುರಿಗೆ ನಿಂತವರ ಮುಖದ ಮೇಲೆ ಇರುತ್ತಿತ್ತು. ಮಳೆ ಆಯಿತೇ, ಮಗಳ ಬಾಣಂತನ ಹೇಗಾಯಿತು ಎಂದು ಕೇಳುತ್ತಲೇ ರಸೀದಿ ಕೊಡುತ್ತಿದ್ದರು. ಈಗಿನದರಲ್ಲಿ ಟ್ಯಾಬ್ ಒತ್ತಿದರೆ ಹೆಸರಿನಿಂದ ಪಿನ್ ಕೋಡಿಗೆ ಹಾರುತ್ತದೆ, ಅಲ್ಲಿಂದ ತಂದೆಯ ಹೆಸರಿಗೆ."

"ಪೆಟ್ಟಿಗೆಗಳನ್ನು ಫಾರ್ಮಿನ ಮೇಲೆ ಇಟ್ಟ ಕ್ರಮದಲ್ಲೇ ಟ್ಯಾಬ್ ಓಡುತ್ತದೆ. ತಿದ್ದಲು ಐದು ನಿಮಿಷದ ಕೆಲಸ. ಬರೆದ ಪುಣ್ಯಾತ್ಮನಿಗೆ ಅಪ್ಪನಿಗಿಂತ ಮೊದಲು ಪಿನ್ ಕೋಡ್ ನೆನಪಾಗಿದೆ" ಎಂದಳು ವಿಶಾಲು. ಅವಳ ದನಿಯಲ್ಲಿ ನಗು ಅಷ್ಟಾಗಿ ಇರಲಿಲ್ಲ.

"ಈಗ ಅವರು ಮೌಸ್ ಹಿಡಿದುಕೊಂಡು ಪರದೆಯನ್ನೇ ನೋಡುತ್ತಾರೆ. ಬಂದವರ ಹೆಸರು ಹಿಡಿದು ಕರೆಯುವುದಿಲ್ಲ. ಖಾತೆ ಸಂಖ್ಯೆ ಹೇಳಿ ಎನ್ನುತ್ತಾರೆ."

ಯಾರೂ ಮಾತಾಡಲಿಲ್ಲ. ಮೌನ ಸಹಿಸದ ನಾಣಿಯೇ ಮತ್ತೆ ಶುರುಮಾಡಿದ. "ಎಲೆಕ್ಟ್ರಾನ್ ಆದರೆ ಈ ಅಳತೆಯ ಗೋಳೇ ಇಲ್ಲ. ವೆಬ್ ಪುಟದ ಹಾಗೆ ಅಕ್ಷರಕ್ಕೆ ತಕ್ಕಂತೆ ಗುಂಡಿ ಬೆಳೆಯುತ್ತದೆ."

"ಅದೊಂದು ಒಪ್ಪಿದೆ. ಆದರೆ ಅದರಲ್ಲಿ ಬರೆದ ಪ್ರತಿಯೊಂದೂ ತನ್ನ ಜೊತೆಗೆ ಒಂದಿಡೀ ಕ್ರೋಮಿಯಂ ಬ್ರೌಸರನ್ನು ಹೊತ್ತು ತರುತ್ತದೆ. ಹರಟೆಗೆ ಒಂದು, ಟಿಪ್ಪಣಿಗೆ ಒಂದು, ಕೋಡ್ ಬರೆಯಲು ಒಂದು. ಇದುವರೆಗೆ ಛತ್ರ ಬದಲಿಸುತ್ತಿದ್ದೆ. ಇನ್ನು ಮೇಲೆ ಬರುವ ಪ್ರತಿ ಅತಿಥಿಯೂ ತನ್ನದೇ ಛತ್ರವನ್ನು ತಲೆಯ ಮೇಲೆ ಹೊತ್ತು ತರಲಿ ಎನ್ನುತ್ತೀಯ. ಸಂಘದ ಆ ಹಳೆಯ ಕಂಪ್ಯೂಟರು ಎಷ್ಟು ಛತ್ರಗಳನ್ನು ತಡೆದೀತು? ಮತ್ತೆ ಅಲ್ಲಿಯೂ ಬಾಗಿಲಿಗೆ ಹುಡುಗ ಒಬ್ಬನೇ, ಮರೆಯಬೇಡ. ಅವನನ್ನು ಅಲ್ಲಿಯೂ ಕುಂಬಳಕಾಯಿಗೆ ಕಳಿಸಬಹುದು."

ನಾಣಿ ಕೈ ಎತ್ತಿದ. "ಆಯಿತು ಮಾರಾಯ್ತಿ, ಸೋತೆ. ಸೀನ, ಸೋಮವಾರ ನಿಮ್ಮ ಸಂಘಕ್ಕೇ ಬರುತ್ತೇನೆ. ಅವೇಟ್ ಹಾಕುವುದು, ಗುಂಡಿ ಬೂದು ಮಾಡುವುದು, ಟ್ಯಾಬ್ ಸರಿಮಾಡುವುದು, ಮಧ್ಯಾಹ್ನದ ಊಟದೊಳಗೆ ಮುಗಿಸೋಣ. ಮೂಲ ಕೋಡ್ ನಿಮ್ಮಲ್ಲಿ ಇದೆ ತಾನೇ?"

"ನಮ್ಮಲ್ಲಿ ಎಲ್ಲಿದೆ? ಬರೆದವರ ಹತ್ತಿರ ಇದೆ. ಹಳೆಯದನ್ನು ಇನ್ನು ಮುಟ್ಟುವುದಿಲ್ಲ ಎಂದಿದ್ದಾರೆ. ಪೂರ್ತಿ ಹೊಸದಾಗಿ ಬರೆಯುತ್ತಾರಂತೆ."

"ಯಾವುದರಲ್ಲಿ?" ಮೂವರೂ ಒಟ್ಟಿಗೆ ಕೇಳಿದರು.

"ಅದನ್ನೇ ಇನ್ನೂ ತೀರ್ಮಾನಿಸಿಲ್ಲವಂತೆ. ಇನ್ನೊಂದು ಹೊಸದು ಬರಲಿದೆಯಂತೆ, ಅದಕ್ಕೆ ಕಾಯುತ್ತಿದ್ದಾರೆ."

"ಹೌದೇ? ಯಾವುದು ಬರುತ್ತಿದೆ?" ಎಂದು ನಾಣಿ ಎಡಗೈಯಲ್ಲೇ ಜೇಬಿನಿಂದ ಮೊಬೈಲ್ ತೆಗೆದ.