ಪದ ಬೇಕು: ‘ಸಾಫ್ಟ್ ವಾಶ್’ಗೆ ಕನ್ನಡದಲ್ಲಿ ಏನು? ನಾಳೆ ಟ್ರಾಲಿ ಮೇಲೆ ಬರೆಸಬೇಕು

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ನನ್ನ ತಮ್ಮ ಹೊಸ ಕೆಲಸ ಶುರು ಮಾಡ್ತಿದ್ದಾನೆ. ಟ್ರಾಲಿ ಮೇಲೆ ಪ್ಲಾಸ್ಟಿಕ್ ಟಾಕಿ, ಪಂಪು, ಬ್ಯಾಟರಿ, ಪೈಪಿನ ಸುರುಳಿ ಎಲ್ಲಾ ಕೂರಿಸಿ, ಅದನ್ನ ಗಾಡಿಗೆ ಕಟ್ಟಿಕೊಂಡು ಹೋಗಿ ಮನೆ, ಶಾಲೆ, ಅಪಾರ್ಟ್‌ಮೆಂಟುಗಳ ಹೊರಗೋಡೆ ತೊಳೆದುಕೊಡೋದು. ಇದಕ್ಕೆ ಸಾಫ್ಟ್ ವಾಶ್ ಅಂತಾರೆ. ಪೇಂಟರ್ ನಾಳೆ ಬೆಳಿಗ್ಗೆ ಬರ್ತಾನೆ. ಅಂಗಡಿಯ ಬೋರ್ಡಿಗೂ ಇದೇ ಪದ ಬೇಕು, 60% ಕನ್ನಡ ಇರಲೇಬೇಕು ಅನ್ನೋ 2024ರ ತಿದ್ದುಪಡಿ ನಿಮಗೆಲ್ಲ ಗೊತ್ತೇ ಇದೆ.

ಕೆಲಸ ಏನು ಅಂತ ಹೇಳಿಬಿಡ್ತೀನಿ. ಪ್ರೆಶರ್ ವಾಶ್‌ನಲ್ಲಿ ನೀರಿನ ಹೊಡೆತವೇ ಕೊಳೆ ಕೀಳುತ್ತದೆ. 1500, 3000 ಪಿಎಸ್‌ಐ ತನಕ ಒತ್ತಡ. ಗೋಡೆಗೆ ಹೊಡೆದರೆ ಬಣ್ಣವೂ ಏಳುತ್ತೆ, ಸಡಿಲ ಪ್ಲಾಸ್ಟರೂ ಉದುರುತ್ತೆ. ಸಾಫ್ಟ್ ವಾಶ್‌ನಲ್ಲಿ ಒತ್ತಡ 100 ಪಿಎಸ್‌ಐ ಒಳಗೇ ಇರುತ್ತದೆ. ಕೆಲಸ ಮಾಡೋದು ಔಷಧಿ. ಸೋಡಿಯಂ ಹೈಪೋಕ್ಲೋರೈಟ್, ಅಂದರೆ 2020ರಲ್ಲಿ ಕೊರೊನಾ ಬಂದಾಗ ಓಣಿ ಓಣಿಗೆ ಹೊಡೆದರಲ್ಲ, ಆ ಹೈಪೋ. ಅದು ಗೋಡೆ ಮೇಲಿಂದ ಜಾರಿ ಹೋಗದೆ ಹಿಡಿದುಕೊಳ್ಳಲಿ ಅಂತ ಸೋಪಿನ ದ್ರವ ಸೇರಿಸ್ತಾರೆ. ಹೊಡೆದು ಹತ್ತು-ಹದಿನೈದು ನಿಮಿಷ ಬಿಟ್ಟರೆ ಪಾಚಿ ಸಾಯುತ್ತದೆ, ಕಪ್ಪು ಹೋಗುತ್ತದೆ. ಆಮೇಲೆ ಬರೀ ನೀರು.

ಪಂಪು 12 ವೋಲ್ಟಿನ ಡಯಾಫ್ರಮ್ ಪಂಪು, ಅಂದರೆ ಒಳಗಿನ ಪೊರೆ ಹಿಂದೆ ಮುಂದೆ ಆಡಿ ನೀರು ದೂಡುವಂಥದ್ದು. ತೊಗರಿಗೆ ಎಣ್ಣಿ (ಕೀಟನಾಶಕ) ಹೊಡೆಯೋ ಬ್ಯಾಟರಿ ಪಂಪಿನೊಳಗೂ ಇದೇ ಜಾತಿಯದು ಇರುತ್ತೆ. ಇದು ಅದಕ್ಕಿಂತ ದೊಡ್ಡದು, ನಿಮಿಷಕ್ಕೆ 20 ಲೀಟರ್ ದೂಡುತ್ತದೆ.

ಎರಡು ಪದ ಬೇಕು. ಒಂದು, ಸಾಫ್ಟ್ ವಾಶ್‌ಗೆ. ಇನ್ನೊಂದು, ಪಂಪಿಗಿಂತ ಮುಂಚೆ ಮೂರು ಕಾಕ್ ಇರುತ್ತವೆ: ನೀರಿಗೊಂದು, ಹೈಪೋಗೊಂದು, ಸೋಪಿಗೊಂದು. ಯಾವುದನ್ನ ಎಷ್ಟು ತಿರುಗಿಸ್ತೀವೋ ಅಷ್ಟು ಬೆರೆತು ಪಂಪಿಗೆ ಹೋಗುತ್ತದೆ. ಆ ಜೋಡಣೆಗೆ ಒಂದು ಹೆಸರು. ಮೊದಲನೆಯದಕ್ಕೆ ‘ಮೃದು ತೊಳೆತ’ ಅಂದುಕೊಂಡಿದ್ದೇನೆ. ಸರಿನಾ?

ಸೇಡಂನಿಂದ:

ಸರಿ ಅಲ್ಲ. ಮೃದು ಸಂಸ್ಕೃತ, ತೊಳೆತ ಕನ್ನಡ. ಅರಿಸಮಾಸ. ‘ಮೆಲ್ದೊಳೆತ’ ಅನ್ನಿ. ಮೆಲ್ನುಡಿಯ ಮೆಲ್, ತಕಾರಕ್ಕೆ ದಕಾರ ಆದೇಶ, ಕೂದಲಷ್ಟೂ ತಪ್ಪು ಹುಡುಕಲಾಗದು. ಟ್ರಾಲಿಗೆ ‘ಎಳೆಬಂಡಿ’. ಇನ್ನೊಂದು ಮಾತು. ತೊಳೆ, ತೊಳಗು (ಅಂದರೆ ಬೆಳಗು) ಎರಡೂ ಒಂದೇ ಬೇರಿನವು. ತೊಳೆದದ್ದು ತೊಳಗುತ್ತದೆ. ಇಂಥ ಪದ ಮನೆಯಲ್ಲೇ ಇರುವಾಗ ಎರವಲು ಯಾಕೆ? ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ತಾಲೂಕಿನಲ್ಲೇ ಇದೆ. ಕನ್ನಡ ಪದ ಕಟ್ಟೋಕೆ ನಾವೇ ಹಿಂಜರಿದರೆ ಬೇರೆಯವರು ಕಟ್ತಾರಾ?

ಬೀದರಿನಿಂದ:

ತೊಳೆಗೂ ತೊಳಗಿಗೂ ಒಂದೇ ಬೇರು ಅನ್ನೋದಕ್ಕೆ ಸದ್ದು ಹೊಂದುತ್ತೆ ಅನ್ನೋದು ಬಿಟ್ಟರೆ ಬೇರೆ ಆಧಾರ ಏನಿದೆ? ಹಲಸಿನ ತೊಳೆಯನ್ನೂ ಅದರ ಜೊತೆ ಸೇರಿಸ್ತೀರಾ? ಇದನ್ನ ಇಲ್ಲಿಗೇ ಬಿಡಿ.

‘ಮೃದು’ ಬೇಡ ಅನ್ನೋದಕ್ಕೆ ನನ್ನ ಕಾರಣ ಬೇರೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು, ಅದನ್ನ ಮೆದು ಮಾಡೋ ಮಷೀನು ಮಾರೋರು ಬೇಕಾದಷ್ಟು ಜನ. ಟಾಕಿ ಹೊತ್ತ ಟ್ರಾಲಿ ಮೇಲೆ ‘ಮೃದು’ ಅಂತ ಬರೆದರೆ ಜನ ಇದೂ ಅದೇ ಅಂದುಕೊಳ್ತಾರೆ. ಇಲ್ಲಿ ನೀರೂ ಮೆದು ಅಲ್ಲ, ಔಷಧಿಯಂತೂ ಮೊದಲೇ ಅಲ್ಲ. ಮೆದು ಇರೋದು ಒತ್ತಡ. ಅದಕ್ಕೆ ‘ಅಲ್ಪ ಒತ್ತಡದ ತೊಳೆತ’ ಅನ್ನಬಹುದು. ಪಂಪಿಗೆ ‘ರೇಚಕ’ ಇದ್ದೇ ಇದೆ, ಶಾಲೆಯಲ್ಲಿ ಅದನ್ನೇ ಕಲಿಸಿದ್ದೇವೆ. ಡಯಾಫ್ರಮ್‌ಗೆ ‘ವಪೆ’. ಇರೋ ಪದ ಬಿಟ್ಟು ಹೊಸದನ್ನ ಹುಡುಕುವುದು ವ್ಯರ್ಥ.

ಸೇಡಂನಿಂದ:

ರೇಚಕ ಯಾವಾಗ ಕನ್ನಡ ಆಯಿತು ಸರ್? ಇಂಗ್ಲಿಷ್ ಬೇಡ ಅಂತ ಸಂಸ್ಕೃತಕ್ಕೆ ಹೋಗೋದು ಎರವಲು ಅಲ್ವಾ? ನನ್ನ ಸಿಟ್ಟು ಪಂಪಿನ ಮೇಲಲ್ಲ, ಅದು ಒಳಗೆ ಬಂದು ಕೂತಾಗಿದೆ. ಆದರೆ ದಿನಾ ಕೇಳ್ತೀವಲ್ಲ, ‘ಕ್ಲೀನ್ ಮಾಡಿ, ಮಿಕ್ಸ್ ಮಾಡಿ, ವಾಶ್ ಮಾಡಿ’. ತೊಳೆ, ಬೆರೆಸು, ಒರೆಸು ಎಲ್ಲಾ ಎಲ್ಲಿ ಹೋದವು? ಹೆಸರು ಬರಲಿ, ತಡೆಯೋಕಾಗಲ್ಲ. ಕ್ರಿಯಾಪದ ಹೋದರೆ ನಮಗೆ ಉಳಿಯೋದು ಬರೀ ‘ಮಾಡು’. ನನ್ನ ಹಟ ಇಷ್ಟಕ್ಕೇ.

ಯಾದಗಿರಿಯಿಂದ:

ಸೇಡಂ ಸರ್ ಕಡೆಗೆ ಹೇಳಿದ ಮಾತು ನನಗೂ ಒಪ್ಪಿಗೆ, ಅದಕ್ಕೇ ಬರೀತಿದ್ದೇನೆ. ಆದರೆ ಅದು ಮೆಲ್ದೊಳೆತಕ್ಕೆ ವಾದ ಆಗೋದಿಲ್ಲ. ಬಿಸಿಲಲ್ಲಿ ನಿಂತ ಪೇಂಟರ್ ಆ ‘ಲ್ದೊ’ ಬರೆಯಬೇಕು. ಹೋಗ್ತಾ ಬರ್ತಾ ಇರೋರು ಅದನ್ನ ಓದಬೇಕು. ಇಬ್ಬರಿಗೂ ತೊಂದರೆ.

ರೇಚಕ ಅಂದರೆ ಹೊರಗಿನವರಿಗೆ ಪ್ರಾಣಾಯಾಮದಲ್ಲಿ ಉಸಿರು ಬಿಡೋದೇ ನೆನಪಿಗೆ ಬರೋದು. ವಪೆ ಅಂದರೆ ಹೊಟ್ಟೆಗೂ ಎದೆಗೂ ನಡುವಿನ ಪೊರೆ. ಪಂಪ್ ರಿಪೇರಿ ಮಾಡೋನ ಮುಂದೆ ‘ವಪೆ ಹರಿದಿದೆ’ ಅಂದರೆ ಆತ ಏನು ತಿಳ್ಕೊಳ್ಳಬೇಕು?

ಎರವಲಿನ ಮಾತು ಬಂತು ಅಂತ ಹೇಳ್ತೀನಿ. ನಮ್ಮ ಭಾಗದಲ್ಲಿ ನೀರು ತುಂಬಿಡೋದಕ್ಕೆ ಹೌದ ಅಂತೀವಿ, ಅದು ಅರಬ್ಬಿಯ ಹೌಜ್. ಪಗಾರ ಪೋರ್ಚುಗೀಸರಿಂದ ಬಂತು. ತಾಲೂಕು, ಜಮೀನು ಎಲ್ಲಿಂದ ಬಂದವು ಅಂತ ಹೇಳೋದೇ ಬೇಡ. ಇವನ್ನೆಲ್ಲ ಕಿತ್ತು ಹಾಕಿದರೆ ಕಲಬುರಗಿ ಸಂತೆಯಲ್ಲಿ ಒಂದು ವಾಕ್ಯ ಪೂರ್ತಿ ಆಡೋಕಾಗಲ್ಲ. ಅವು ಬಂದಿದ್ದರಿಂದ ತೊಳೆ, ಬಳಿ, ತಿಕ್ಕು, ಹೊಡಿ ಯಾವುದೂ ಹೋಗಲಿಲ್ಲ. ಹೊಲದಲ್ಲಿ ಪಂಪು ಇಂಗ್ಲಿಷು, ಬ್ಯಾಟರಿ ಇಂಗ್ಲಿಷು, ಆದರೂ ‘ಎಣ್ಣಿ ಹೊಡಿ’ ಅಂತಲೇ ಅಂತೀವಿ. ‘ಸ್ಪ್ರೇ ಮಾಡು’ ಅಂತ ಹೊಲದಲ್ಲಿ ಯಾರೂ ಅನ್ನೋದಿಲ್ಲ.

ಅಕ್ಕಾರೆ ಅನ್ನಲೋ ಅಣ್ಣಾರೆ ಅನ್ನಲೋ, ಕೇಳಿದವರಿಗೆ ನನ್ನ ಸಲಹೆ ಇದು. ಸಾಫ್ಟ್ ವಾಶ್ ಅನ್ನೋದನ್ನ ಅನುವಾದ ಮಾಡೋಕೇ ಹೋಗಬೇಡಿ. ‘ಸಾಫ್ಟ್’ ಅನ್ನೋದು ಆ ವ್ಯಾಪಾರದವರು ಪ್ರೆಶರ್ ವಾಶ್‌ನಿಂದ ಬೇರೆ ಅಂತ ತೋರಿಸೋಕೆ ಇಟ್ಟುಕೊಂಡದ್ದು. ನಮ್ಮ ಗಿರಾಕಿಗೆ ಆ ಜಗಳ ಬೇಕಾಗಿಲ್ಲ. ಆತನ ಕಣ್ಣಿಗೆ ಕಾಣೋದು ಟಾಕಿ ತುಂಬಿ ಹರಿದು ಹರಿದು ಗೋಡೆ ಮೇಲೆ ಇಳಿದ ಕರೀ ಗೆರೆ. ‘ಪಾಚಿ ತೊಳೆತ’ ಅಂತ ದೊಡ್ಡದಾಗಿ ಬರೀರಿ. ಕೆಳಗೆ ಸಣ್ಣದಾಗಿ ‘ಕಡಿಮೆ ಒತ್ತಡ, ಗೋಡೆಗೆ ಪೆಟ್ಟಿಲ್ಲ’. ತೊಳೆತ ಅನ್ನೋದು ಎಳೆತ, ಸೆಳೆತದ ಸಾಲಿನದು, ಯಾರಿಗೂ ಹೊಸದು ಅನ್ನಿಸಲ್ಲ.

ಮೂರು ಕಾಕ್‌ಗೆ ‘ಬೆರಕೆ’ ಅಂತ ಮಾತ್ರ ಹಾಕಬೇಡಿ, ಹಾಲಿಗೆ ನೀರು ಬೆರೆಸಿದ ಹಾಗೆ ಕೇಳುತ್ತೆ. ‘ಹದದ ಕಾಕ್’ ಅನ್ನಿ. ಎಷ್ಟಕ್ಕೆ ಎಷ್ಟು ಅನ್ನೋದಕ್ಕೆ ಹದಕ್ಕಿಂತ ಒಳ್ಳೆ ಪದ ಇಲ್ಲ.

ಪದಕ್ಕಿಂತ ಮುಖ್ಯವಾದ ಇನ್ನೊಂದು ಬರಹ ಇದೆ. ಹೈಪೋ ಟಾಕಿ ಮೇಲೆ ‘ಆಸಿಡ್ ಬೆರೆಸಬೇಡಿ’ ಅಂತ ಕೆಂಪಕ್ಷರದಲ್ಲಿ ಬರೆಸಿ. ನೆಲ ತಿಕ್ಕೋಕೆ ಆಸಿಡ್ ಬಳಸೋ ರೂಢಿ ನಮ್ಮಲ್ಲಿದೆ. ಅದೇ ಬಕೆಟ್ಟಿಗೆ ಹೈಪೋ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತೆ, ಉಸಿರು ಕಟ್ಟುತ್ತೆ. ಶಹಾಬಾದಿ ಕಲ್ಲಿಗೂ ಆಸಿಡ್ ಕೂಡದು. ಅದು ಸುಣ್ಣದ ಕಲ್ಲು, ಬಿದ್ದ ಕಡೆ ನೊರೆ ಬಂದು ಹೊಳಪು ಹೋಗುತ್ತದೆ.

ಬೀದರಿನಿಂದ:

ಪಾಚಿ ತೊಳೆತ ಒಪ್ಪಬಹುದು. ಆದರೆ ಪಾಚಿಯನ್ನು ತೊಳೆಯೋದೋ, ಪಾಚಿಯಿಂದ ತೊಳೆಯೋದೋ? ವಿಗ್ರಹವಾಕ್ಯ ಎರಡೂ ಆಗುತ್ತೆ. ರೇಚಕದ ಬಗ್ಗೆ ನನ್ನ ಮಾತು ಬದಲಾಗಿಲ್ಲ.

ಸೇಡಂನಿಂದ:

ಕೈತೊಳೆತ ಅಂದರೆ ಕೈಯಿಂದಲೋ ಕೈಯನ್ನೋ ಅಂತ ಯಾರಾದರೂ ಕೇಳ್ತಾರಾ? ಸುಮ್ನೆ ಎಳೀಬೇಡಿ. ಹದದ ಕಾಕ್ ಚೆನ್ನಾಗಿದೆ. ಎಳೆಬಂಡಿ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಕಲಬುರಗಿಯಿಂದ:

ಎಲ್ಲರಿಗೂ ಶರಣು. ತಮ್ಮನ ಹತ್ತಿರ ಮಾತಾಡಿದೆ. ದೊಡ್ಡಕ್ಷರದಲ್ಲಿ ‘ಗೋಡೆ ಪಾಚಿ ತೊಳೆತ’ ಅಂತ ಬರೆಸ್ತೀವಿ. ‘ಗೋಡೆ’ ಸೇರಿದ ಮೇಲೆ ಬೀದರ್ ಸರ್ ಅನುಮಾನಕ್ಕೆ ಜಾಗ ಇರಲ್ಲ. ಕೆಳಗಿನ ಸಾಲು ಯಾದಗಿರಿಯವರು ಹೇಳಿದ್ದೇ. ಟ್ರಾಲಿಯ ಹೆಸರನ್ನ ಟ್ರಾಲಿ ಮೇಲೆ ಬರೆಸೋದಿಲ್ಲ ಸರ್, ಹಾಗಾಗಿ ಎಳೆಬಂಡಿ ಸದ್ಯಕ್ಕೆ ಬೇಕಾಗಲಿಲ್ಲ. ಆಸಿಡ್ ಎಚ್ಚರಿಕೆಯನ್ನ ಟಾಕಿಯ ಎರಡು ಕಡೆ ಬರೆಸ್ತೀವಿ, ಕನ್ನಡದಲ್ಲೂ ಉರ್ದುವಿನಲ್ಲೂ. ಕೆಲಸದ ಹುಡುಗರಲ್ಲಿ ಇಬ್ಬರಿಗೆ ಉರ್ದು ಮಾತ್ರ ಓದೋಕೆ ಬರುತ್ತೆ. ಆ ಸಾಲನ್ನ ತಪ್ಪಿಲ್ಲದೆ ಬರೆದುಕೊಡೋರು ಯಾರಾದರೂ ಇದ್ದರೆ ಇವತ್ತು ರಾತ್ರಿಯೊಳಗೆ ಕಳಿಸಿ.