‘ಇನ್‌ಫಾರ್ಮ್ಡ್ ಕನ್ಸೆಂಟ್’ – ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ): ಆರೋಗ್ಯ ಸಂಶೋಧನೆಯೊಂದರ ‘ಇನ್‌ಫಾರ್ಮ್ಡ್ ಕನ್ಸೆಂಟ್’ (ಏನು, ಏಕೆ ಎಂದು ತಿಳಿದುಕೊಂಡ ಮೇಲೆ ಕೊಡುವ ಒಪ್ಪಿಗೆ) ನಮೂನೆಯನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ರಕ್ತದ ಮಾದರಿ ಕೊಡುವವರು ಎಣ್ಮಕಜೆ, ಬೆಳ್ಳೂರು ಕಡೆಯವರು. ಶೀರ್ಷಿಕೆಗೆ ‘ಮಾಹಿತಿಪೂರ್ವಕ ಸಮ್ಮತಿ’ ಆದೀತೇ? ನಾಳೆಯೇ ಅಚ್ಚಿಗೆ ಹೋಗಬೇಕು.

ಉತ್ತರ 1: ‘ಅರಿವೊಪ್ಪಿಗೆ’ ಎನ್ನಿ. ಸಂಸ್ಕೃತದ ಹಂಗೇಕೆ?

ಉತ್ತರ 2: ‘ಅರಿವೊಪ್ಪಿಗೆ’ ಖಂಡಿತ ಬೇಡ. ಸಂಧಿ ಸರಿಯಿದ್ದ ಮಾತ್ರಕ್ಕೆ ಪದವಾಗುವುದಿಲ್ಲ. ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಅದು ತಲುಪುವುದಿಲ್ಲ. ‘ಮಾಹಿತಿಪೂರ್ವಕ’ವೂ ಬೇಡ. ಮಾಹಿತಿ ಒದಗಿಸಿದೆವು, ನಮ್ಮ ಕೆಲಸ ಮುಗಿಯಿತು ಎನ್ನುವ ಧಾಟಿ ಅದರಲ್ಲಿದೆ. ‘ತಿಳಿದು ಕೊಡುವ ಒಪ್ಪಿಗೆ’ ಎಂದು ಬರೆಯಿರಿ. ಉದ್ದವಾಯಿತು ಎನ್ನುವವರು ಎನ್ನಲಿ.

ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಸೀಮೆ ಇದು. ಕೆಳಗಿದ್ದವರ ಒಪ್ಪಿಗೆಯನ್ನು ಆಗ ಯಾರೂ ಕೇಳಲಿಲ್ಲ. ಅಂಥವರ ಮುಂದೆ ಇಡುವ ಕಾಗದ ಒಂದೇ ಓದಿಗೆ ಅರ್ಥವಾಗಬೇಕು.

‘ಒಪ್ಪಿಗೆ’ಯನ್ನು ನಾನು ಬಿಡದಿರುವುದಕ್ಕೆ ಇನ್ನೊಂದು ಕಾರಣವಿದೆ. ಹಳೆಯ ಶಾಸನಗಳ ಕೊನೆಯಲ್ಲಿ ಇಂಥವರ ‘ಒಪ್ಪ’ ಎಂದಿರುತ್ತದೆ. ಒಪ್ಪ ಎಂದರೆ ಅಲ್ಲಿ ರುಜು. ಮಲಯಾಳದ ‘ಒಪ್ಪ್’, ತಮಿಳಿನ ‘ಒಪ್ಪಂ’ ಇಂದಿಗೂ ಅದೇ ಅರ್ಥದಲ್ಲಿವೆ. ಕನ್ನಡದಲ್ಲಿ ಪದ ಕೈಬರಹವನ್ನು ಬಿಟ್ಟು ಮನಸ್ಸಿನ ಕಡೆಗೆ ಸರಿದಿದೆ. ಆದ್ದರಿಂದಲೇ ಮೂಲದ ‘ಒಪ್ಪ್’ ಕಂಡಲ್ಲಿ ‘ಒಪ್ಪಿಗೆ’ ಎಂದು ಬರೆದುಬಿಡಬೇಡಿ, ಅಲ್ಲಿ ‘ಸಹಿ’ ಎನ್ನಿ. ಶುದ್ಧ ಕನ್ನಡದವರು ‘ಸಹಿ’ ಅರಬ್ಬಿ ಮೂಲದ್ದೆಂದು ಈಗ ಎದ್ದುಬರುತ್ತಾರೆ. ಬರಲಿ. ಕಚೇರಿಯ ಕಾಗದಗಳು ಹೆಚ್ಚಾಗಿ ಮಲಯಾಳದಲ್ಲಿ ಬರುವ ಊರಿನಲ್ಲಿ ಕನ್ನಡ ಉಳಿಯಬೇಕಾದರೆ ಜನ ಆಡುವ ಪದ ಕಾಗದದ ಮೇಲೆ ಕಾಣಬೇಕು. ಅದರ ಕುಲಗೋತ್ರ ಕೇಳುತ್ತ ಕೂರಲು ನನಗೆ ವ್ಯವಧಾನವಿಲ್ಲ.

‘ಅನುಮತಿ’ ಎಲ್ಲಿದ್ದರೂ ಹೊಡೆದುಹಾಕಿ. ಅನುಮತಿ ಕೊಡುವುದು ಕಚೇರಿ. ತನ್ನ ಮೈಯ ರಕ್ತಕ್ಕೆ ಮನುಷ್ಯ ಕೊಡುವುದು ಒಪ್ಪಿಗೆ. ಹಾಗೆಯೇ ‘ಫಲಾನುಭವಿ’ ಎಂಬುದನ್ನೂ ತೆಗೆಯಿರಿ, ಮಾದರಿ ಕೊಡುವವರು ಯಾರ ಫಲಾನುಭವಿಗಳೂ ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಓದು ಬಾರದವರ ಒಪ್ಪಿಗೆ ಪಡೆಯುವಾಗ ನಿಷ್ಪಕ್ಷ ಸಾಕ್ಷಿಯೊಬ್ಬರು ಇರಬೇಕು. ಮನೆಮಾತು ತುಳುವಾಗಿದ್ದರೆ ತುಳುವಿನಲ್ಲೇ ವಿವರಿಸಲಿ. ಹಾಗೆ ವಿವರಿಸಿದ್ದೇವೆ ಎಂಬುದಕ್ಕೆ ನಮೂನೆಯಲ್ಲಿ ಒಂದು ಸಾಲಿನ ಜಾಗವಿಡಿ. ಶೀರ್ಷಿಕೆಯ ಕೆಳಗೇ, ದಪ್ಪಕ್ಷರದಲ್ಲಿ, ಇದು ಬರಲಿ: ‘ನಿಮಗೆ ಬೇಡವೆನಿಸಿದರೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಕಾರಣ ಹೇಳಬೇಕಾಗಿಲ್ಲ. ನಿಮ್ಮ ಚಿಕಿತ್ಸೆಗೆ ಇದರಿಂದ ತೊಂದರೆಯಾಗುವುದಿಲ್ಲ.’